ಹದಿನೇಳು ಮಾವ

ಗಂಡ ಹೆಂಡತಿ ಇಬ್ಬರೂ ಒಂದೇ ಕಸುಬಿಗೆ ಇಳಿದ ಮನೆಯಲ್ಲಿ ಇಂಥ ಜಗಳಗಳು ಆಗಾಗ ನಡೆಯುತ್ತಲೇ ಇರುತ್ತವೆ. ಬೇರೆಯವರ ಮನೆಯಲ್ಲಿ ಅಡುಗೆಮನೆ ದಾಟದೆ ಮುಗಿದುಹೋಗುತ್ತವೆ. ನಮ್ಮವು ಸ್ಪೀಕರಿನಲ್ಲಿ ಊರಿಗೆಲ್ಲ ಕೇಳಿಸಿದವು.

ನಾನು ರಾಯದುರ್ಗದ ಒಂದು ಜೀನ್ಸ್ ಯೂನಿಟ್ಟಿನಲ್ಲಿ ಕಟಿಂಗ್ ಮಾಸ್ಟರ್. ವಾರವೆಲ್ಲ ಬಟ್ಟೆ ಕತ್ತರಿಸುತ್ತೇನೆ, ರಜೆ ಸಿಕ್ಕಿದ ದಿನ ಮದುವೆ, ಗೃಹಪ್ರವೇಶಗಳಲ್ಲಿ ಜನಪದ ಹಾಡುತ್ತೇನೆ. ಒಬ್ಬನೇ ಅಲ್ಲ, ಹೆಂಡತಿಯ ಜೊತೆ. ಅವಳು ಮಡಕಶಿರಾ ಕಡೆಯವಳು, ಅಮರಾಪುರದ ಹತ್ತಿರ ಒಂದು ಹಳ್ಳಿ. ನಮಗೂ ಅವರಿಗೂ ಹಳೇ ಸಂಬಂಧವೇನೂ ಇರಲಿಲ್ಲ, ಆದರೂ ಅವರ ಮನೆಯಲ್ಲಿ ಗಂಡನನ್ನು 'ಮಾವ' ಅಂತ ಕರೆಯುವ ರೂಢಿ. ನಾವು ಹಾಡುವ ಜೋಡಿ ಹಾಡುಗಳಲ್ಲೂ ಹೆಣ್ಣು ಕೇಳುವ ಸಾಲೆಲ್ಲ 'ಮಾವ' ಅಂತಲೇ ಮುಗಿಯುತ್ತದೆ, ಗಂಡು ಅದಕ್ಕೆ ಉತ್ತರ ಕೊಡುತ್ತಾನೆ. ಮನೆಯಲ್ಲೂ ಅದೇ ಮಾವ, ವೇದಿಕೆಯ ಮೇಲೂ ಅದೇ ಮಾವ. ಐದು ವರ್ಷ ಇದು ಚೆನ್ನಾಗಿಯೇ ನಡೆಯಿತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನಗೆ ಹೊಟ್ಟೆಕಿಚ್ಚು ಸ್ವಲ್ಪ ಜಾಸ್ತಿ. ನಾನು ಹೇಳದಿದ್ದರೂ ಇನ್ನೆರಡು ಪುಟದಲ್ಲಿ ನಿಮಗೇ ಗೊತ್ತಾಗುತ್ತದೆ.

ಅಭಿಮಾನಿ

ನಮ್ಮೂರಲ್ಲಿ ಮದುವೆ ವಿಡಿಯೋ ತೆಗೆಯುವ ಒಬ್ಬ ಕ್ಯಾಮೆರಾದವನಿದ್ದಾನೆ. ಅವನು ನಮ್ಮ ಹಾಡುಗಳಿಗೆ ಅಂತ ಫೋನಿನಲ್ಲಿ ಒಂದು ಚಾನೆಲ್ ತೆರೆದ. ಹಾಡು ಹಾಕಿದ, ಜನ ನೋಡಿದರು, ಕೆಳಗೆ ಕಾಮೆಂಟು ಬರೆಯತೊಡಗಿದರು. ನನ್ನ ನೆಮ್ಮದಿ ಕೆಟ್ಟದ್ದು ಅಲ್ಲಿಂದ.

'ಅಕ್ಕನ ದನಿ ಜೇನು.' 'ಅಕ್ಕ ಹಾಡ್ತಿದ್ರೆ ಊಟ ಬೇಡ.' ಇಂಥವೇ ಸಾಲು ಸಾಲು. ನನ್ನ ಬಗ್ಗೆ ಒಂದೇ ಒಂದು ಇತ್ತು: 'ಅಣ್ಣಂದೂ ಪರವಾಗಿಲ್ಲ.' ಆ 'ಪರವಾಗಿಲ್ಲ' ಅನ್ನುವುದು ಕಾಲಿಗೆ ಚುಚ್ಚಿದ ಮುಳ್ಳಿನ ಹಾಗೆ ನನ್ನ ಜೊತೆಯೇ ಓಡಾಡತೊಡಗಿತು. ಯೂನಿಟ್ಟಿನಲ್ಲಿ ಚಹಾಕ್ಕೆ ಬಿಟ್ಟಾಗಲೆಲ್ಲ ಫೋನ್ ತೆಗೆದು ಯಾರಾದರೂ ನನ್ನನ್ನು ಹೊಗಳಿದ್ದಾರೇನೋ ಅಂತ ಹುಡುಕುತ್ತಿದ್ದೆ. ಯಾರೂ ಹೊಗಳದಿದ್ದಾಗ ಆ ಕೆಲಸವನ್ನೂ ನಾನೇ ಮಾಡಬೇಕಾಯಿತು. 'ಜನಪದ ರಸಿಕ' ಅಂತ ಹೆಸರಿಟ್ಟು, ರಾಯದುರ್ಗದ ಬೆಟ್ಟದ ಫೋಟೋ ಹಾಕಿ, ಬರೆದೆ: 'ಗಂಡಸಿನ ದನಿ ಇಲ್ಲದಿದ್ದರೆ ಈ ಹಾಡಿಗೆ ಜೀವವೇ ಇಲ್ಲ.'

ಐದೇ ನಿಮಿಷಕ್ಕೆ 'ಕೋಗಿಲೆ ಅಭಿಮಾನಿ' ಅನ್ನುವ ಹೆಸರಿನಿಂದ ಉತ್ತರ ಬಂತು: 'ಗಂಡಸು ಹಾಡುವಾಗ ನಾನು ನೀರು ಕುಡಿಯಲು ಏಳುತ್ತೇನೆ.'

ನಾನು ಬಿಡುವವನಲ್ಲ, ಅವರೂ ಬಿಡುವವರಲ್ಲ. ಮೂರು ವಾರ ಜಗಳ ನಡೆಯಿತು. ನಾನು ಶ್ರುತಿ ಅಂದರೆ ಅವರು ಉಸಿರು ಅಂದರು. ನಾನು ಗತ್ತು ಅಂದರೆ ಅವರು ಗೊರಕೆ ಅಂದರು. ಕೊನೆಗೆ ಒಂದು ದಿನ ಬರೆದರು: 'ಅವರಿಗೆ ಹಾಡೋಕೆ ಉಸಿರು ಎಲ್ಲಿಂದ ಬರಬೇಕು? ಎರಡು ಮುದ್ದೆ ಉಂಡು ಮೂರನೇದಕ್ಕೆ ತಟ್ಟೆ ಚಾಚುತ್ತಾರೆ.'

ನಾನು ಕತ್ತರಿ ಕೆಳಗಿಟ್ಟೆ. ನಮ್ಮ ಕಡೆ ಜೋಳದ ರೊಟ್ಟಿ ಊಟ. ನಾನು ಮೂರನೇ ಮುದ್ದೆಗೆ ತಟ್ಟೆ ಚಾಚಿದ್ದು ಈ ಪ್ರಪಂಚದಲ್ಲಿ ಒಂದೇ ಒಂದು ಮನೆಯಲ್ಲಿ, ನಮ್ಮತ್ತೆಯ ಮನೆಯಲ್ಲಿ. ಅತ್ತೆ ಅಂಗನವಾಡಿಯಲ್ಲಿ ಕೆಲಸ ಮಾಡುವವರು, ಫೋನು ನನಗಿಂತ ಚೆನ್ನಾಗಿ ಬರುತ್ತದೆ.

ಮನೆಗೆ ಓಡಿಹೋಗಿ ಹೆಂಡತಿಯ ಮುಂದೆ ಫೋನ್ ಹಿಡಿದೆ. "ನೋಡು, ನಿಮ್ಮವ್ವ ಹೆಂಗ ಬರದಾರ ನೋಡು. ಮೂರು ವಾರದಿಂದ ನನ್ನ ಮರ್ಯಾದಿ ತಗಿಯಾಕ ಹತ್ಯಾರ."

ಅವಳು ಎಲ್ಲವನ್ನೂ ಮೊದಲಿಂದ ಕೊನೆಯ ತನಕ ನಿಧಾನವಾಗಿ ಓದಿದಳು. ಆಮೇಲೆ ಕೇಳಿದಳು: "ಅದು ಸರಿ, ನಮ್ಮವ್ವನ ಜೊತೆ ಮೂರು ವಾರ ಜಗಳ ಆಡಿರೋ ಈ ರಸಿಕ ಯಾರು?"

ಮೈಕು

ಅದನ್ನು ಅವಳು ನಕ್ಕು ಬಿಟ್ಟುಬಿಟ್ಟಳು. ಇದನ್ನು ಬಿಡಲಿಲ್ಲ.

ನಮ್ಮ ಜೋಡಿಗೆ ಒಂದು ಗುರುತು ಇದೆ. ಮೂರನೇ ಚರಣ ಬಂದಾಗ ಇಬ್ಬರೂ ಹಾಡುತ್ತಲೇ ಎದುರುಬದುರು ನಡೆದು, ನಡುವೆ ನಿಂತು, ಮೈಕು ಬದಲಾಯಿಸಿಕೊಂಡು ಜಾಗ ಬದಲಿಸುತ್ತೇವೆ. ನನ್ನ ಮೈಕು ಅವಳಿಗೆ, ಅವಳ ಮೈಕು ನನಗೆ. ಶಿಳ್ಳೆ ಬೀಳುವುದೇ ಆ ಹೊತ್ತಿಗೆ. ಎಷ್ಟು ವರ್ಷದಿಂದ ಮಾಡುತ್ತಿದ್ದೇವೆಂದರೆ, ಈಗ ಮಾಡುತ್ತಿದ್ದೇವೆ ಅನ್ನುವುದೂ ನಮಗೆ ಗೊತ್ತಾಗುವುದಿಲ್ಲ.

ಕಲ್ಯಾಣದುರ್ಗದ ಕಡೆ ಒಂದು ಹಳ್ಳಿಯಲ್ಲಿ ಗೃಹಪ್ರವೇಶ. ಸಂಜೆ ಕಾರ್ಯಕ್ರಮ. ನಾವು ಹೋಗಿ ಇಳಿಯುತ್ತಿದ್ದ ಹಾಗೆ ಮನೆಯ ಯಜಮಾನರು ಬಂದು ಅವಳಿಗೆ ಕೈಮುಗಿದರು, ನನ್ನ ಕೈಗೆ ಅವಳ ಚೀಲ ಕೊಟ್ಟರು. "ನೀವು ಅಕ್ಕಾರ ಜೊತಿ ಬಂದೋರೇನ್ರಿ?" ಅಂತಲೂ ಕೇಳಿದರು.

ಆ ಚೀಲ ಅಲ್ಲೇ ಇಳಿಸಿ ಸೀದಾ ಮಿಕ್ಸರ್‌ನವನ ಹತ್ತಿರ ಹೋಗಿ, "ಆಕಿ ಮೈಕ್ ಒಂದೀಟು ಇಳಿಸಪಾ. ಆಕಿ ದನಿಗೆ ಸ್ಪೀಕರ್ ಹರದು ಹೋಗ್ತಾವ" ಅಂದೆ. ಅವನು ಪಾಪ, ಸ್ಪೀಕರ್ ಅವನದೇ, ಹೆದರಿ ಚೆನ್ನಾಗಿಯೇ ಇಳಿಸಿದ.

ಎರಡು ಚರಣ ನಾನು ಸ್ವರ್ಗದಲ್ಲಿದ್ದೆ. ನನ್ನ ದನಿ ಊರ ಆಚೆಯ ಗುಡ್ಡಕ್ಕೆ ಬಡಿದು ವಾಪಸ್ಸು ಬರುತ್ತಿತ್ತು. ಅವಳದು ಪಕ್ಕದಲ್ಲಿ ನಿಂತ ನನಗೂ ಸರಿಯಾಗಿ ಕೇಳುತ್ತಿರಲಿಲ್ಲ. ಮುಂದಿನ ಸಾಲಿನಲ್ಲಿ ಕೂತ ಒಬ್ಬರು ನನ್ನ ಕಡೆ ನೋಡಿ ತಲೆದೂಗಿದ್ದನ್ನು ಈ ಕಣ್ಣಾರೆ ನೋಡಿದೆ. ಆ ಖುಷಿಯಲ್ಲಿ ಮೂರನೇ ಚರಣ ಬಂತು. ಕಾಲು ತಾನಾಗಿ ನಡೆಯಿತು, ಕೈ ತಾನಾಗಿ ಚಾಚಿತು, ಮೈಕು ಬದಲಾಯಿತು.

ನಾನು ಬಾಯಿ ತೆರೆದೆ. ಏನೂ ಕೇಳಲಿಲ್ಲ. ಅವಳು ಬಾಯಿ ತೆರೆದಳು, ಹೊಸ ಮನೆಯ ಗಿಲಾವು ಉದುರುವಂಥ ದನಿ ಬಂತು. ಅವಳು ಹಾಡುತ್ತಲೇ ತನ್ನ ಕೈಯ ಮೈಕು ನೋಡಿದಳು, ನನ್ನ ಕೈಯ ಮೈಕು ನೋಡಿದಳು, ಮಿಕ್ಸರ್‌ನವನನ್ನು ನೋಡಿದಳು. ಇಳಿದ ಮೇಲೆ ಅವನನ್ನು ಕೇಳಿದ್ದೂ ಆಯಿತು. ಅವನು ತೆಲುಗಿನಲ್ಲಿ, "ಅನ್ನನೇ ತಗ್ಗಿಂಚಮನ್ನಾಡಕ್ಕಾ" ಅಂದ. ಅಣ್ಣನೇ ಇಳಿಸು ಅಂದಿದ್ದು ಅಂತ.

ಮಾರನೆಯ ಬೆಳಿಗ್ಗೆ ಅವಳು ಬಟ್ಟೆಯ ಚೀಲ ಹಿಡಿದು ತವರಿಗೆ ಹೊರಟಳು. ಹೊಸಲು ದಾಟುವಾಗ ನನ್ನ ಮುಖ ನೋಡದೆ ಹೇಳಿದಳು: "ಇನ್ನು ಜೋಡಿ ಗೀಡಿ ಇಲ್ಲ. ಸಿರಾದಾಗೆ ಒಬ್ರು ಕೀಬೋರ್ಡ್ ನುಡಿಸೋರು ತಂಡ ಕಟ್ಟವ್ರೆ, ಬತ್ತೀಯೇನಮ್ಮ ಅಂತ ಕೇಳ್ತಾನೇ ಇದ್ರು. ಅಲ್ಲಿಗೆ ಸೇರ್ಕಂತೀನಿ. ಆಸಾಮಿ ಮೈಕ್ ತಂಟೆಗೆ ಹೋಗಲ್ವಂತೆ."

ನಾನು ಬಾಗಿಲಲ್ಲಿ ನಿಂತು ತಪ್ಪಾಯಿತು ಅಂತ ಕೂಗಿದೆ. ಅವಳು ತಿರುಗಿ ನೋಡಲಿಲ್ಲ. ಮೈಕಿಲ್ಲದೆ ನನ್ನ ದನಿ ಓಣಿಯ ತಿರುವಿನ ತನಕವೂ ಹೋಗುವುದಿಲ್ಲ ಅಂತ ಅವತ್ತು ಗೊತ್ತಾಯಿತು.

ಕಡೇ ಹಾಡು

ಅವಳು ಹೋದ ಹೊತ್ತಿಗೆ ಕ್ಯಾಮೆರಾದವನು ನಮ್ಮ ಹೊಸ ಹಾಡಿನ ಪೋಸ್ಟರು ಮಾಡಿ ಎಲ್ಲರ ಫೋನಿಗೂ ಕಳಿಸಿಬಿಟ್ಟಿದ್ದ. ಮಡಕಶಿರಾ ಕಡೆಯ ರತ್ನಗಿರಿ ಕೋಟೆಯ ಮೇಲೆ ಚಿತ್ರೀಕರಣ, ಡ್ರೋನು, ಎಲ್ಲ ಗೊತ್ತುಮಾಡಿ ಆಗಿತ್ತು. ಪೋಸ್ಟರಿನಲ್ಲಿ ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದೆವು. ಆ ನಗು ಊರೆಲ್ಲ ಸುತ್ತಾಡುತ್ತಿತ್ತು, ನಾನು ಮನೆಯಲ್ಲಿ ಒಬ್ಬನೇ ಅನ್ನ ಬೇಯಿಸಿಕೊಳ್ಳುತ್ತಿದ್ದೆ.

ಕ್ಯಾಮೆರಾದವನು ಅವಳಿಗೆ ಫೋನ್ ಮಾಡಿ ಕಾಲಿಗೆ ಬಿದ್ದಷ್ಟು ಬೇಡಿಕೊಂಡ. ಅವಳು ಹೇಳಿದಳಂತೆ: "ಇದೊಂದು ಮುಗಿಸ್ಕೊಡ್ತೀನಿ. ಇದೇ ಕಡೇದು. ಅವ್ರ ಪಕ್ಕ ನಿಂತ್ಕಂಡು ಮಾತ್ರ ಹಾಡಲ್ಲ."

ಹಾಗಾಗಿ ನಾನು ರಾಯದುರ್ಗದಲ್ಲಿ ಹಾಡಿದೆ, ಅವಳು ಮಡಕಶಿರಾದಲ್ಲಿ ಹಾಡಿ ಫೈಲು ಕಳಿಸಿದಳು. ಎರಡನ್ನೂ ಜೋಡಿಸಿದ ದಿನ ಕ್ಯಾಮೆರಾದವನು ನನ್ನನ್ನು ಕರೆಸಿದ. ಜೆರಾಕ್ಸ್ ಅಂಗಡಿಯ ಮೇಲೆ ಒಂದು ಕೋಣೆ ಅವನ ಎಡಿಟಿಂಗ್ ರೂಮು. ನಾನು ಹೋದಾಗ ಅವನು ಹಣೆಗೆ ಕೈಹಚ್ಚಿ ಕೂತಿದ್ದ. "ಕೇಳ್ರಿ ಮಾಸ್ಟ್ರೇ" ಅಂತ ಹಾಕಿದ.

ಅವಳ ದನಿ ಬಂತು. ಎರಡು ತಿಂಗಳ ಮೇಲೆ ಕೇಳುತ್ತಿದ್ದೆ. ಸುಮ್ಮನೆ ಯಾಕೆ ಸುಳ್ಳು ಹೇಳಲಿ, ಜೇನೇ.

*ಕೋಟೆಯ ಹತ್ತಿ ಕೂಗಿ ಕರೆದೆ, ಕೇಳಲಿಲ್ಲವೇನೋ ಅಣ್ಣ*

ಅದಕ್ಕೆ ನನ್ನ ಉತ್ತರ:

*ಕೇಳಿ ಬಂದೆ ಚೆಲುವಿ, ನಿನ್ನ ಕೈಗೆ ಬಳೆಯ ತಂದೆ*

ಮತ್ತೆ ಅವಳು:

*ನಡುವಿಗೊಂದು ಡಾಬು ತರುವೆನೆಂದೆ, ಎಲ್ಲಿ ಹೋಯಿತೋ ಅಣ್ಣ*

ಡಾಬಿನ ಸಾಲಿಗೆ ಬರುವಷ್ಟರಲ್ಲಿ ಕ್ಯಾಮೆರಾದವನು ಕಿವಿ ಮುಚ್ಚಿಕೊಂಡಿದ್ದ. ಹಾಡಿನಲ್ಲಿ ಹದಿನೇಳು ಕಡೆ 'ಮಾವ' ಇದೆ. ಹದಿನೇಳು ಕಡೆಯೂ ಅವಳು 'ಅಣ್ಣ' ಹಾಡಿದ್ದಳು. ಶ್ರುತಿಯಲ್ಲಿ, ತಾಳದಲ್ಲಿ, ಒಂದು ಕೂದಲು ಆಚೀಚೆ ಇಲ್ಲದ ಹಾಗೆ.

ಅವನು ಅಲ್ಲಿಂದಲೇ ಅವಳಿಗೆ ಫೋನ್ ಹಚ್ಚಿ, ನನಗೂ ಕೇಳುವ ಹಾಗೆ ಇಟ್ಟ. "ಯಾಕಮ್ಮ ಹಿಂಗ ಹಾಡೀರಿ? ಅಣ್ಣ ಅಂದ್ರ ಮುಂದಿನ ಚರಣದಾಗ ಮುತ್ತು ಕೊಡೋದು ಬರ್ತೈತಲ್ಲಮ್ಮ."

"ಏನ್ ಮಾಡ್ಲಪ್ಪ, ಅವ್ರನ್ನ ಮಾವ ಅನ್ನಕ್ಕೆ ನಂಗೆ ಬಾಯಿ ಬರಲ್ಲ."

"ಇದು ಪ್ರೀತಿ ಹಾಡಮ್ಮ. ಜನ ಏನಂತಾರ?"

"ಏನೂ ಅನ್ನಲ್ಲ" ಅಂದಳು. "ರಾಖಿ ಹಬ್ಬದ ದಿನ ಬಿಡಿ."

ತೊಗರಿಬೇಳೆ

ಫೋನಿಟ್ಟ ಮೇಲೆ ಕ್ಯಾಮೆರಾದವನು ಒಂದು ಉಪಾಯ ಮಾಡಿದ. ಅವಳ ಹಳೇ ದನಿಯಲ್ಲಿ 'ಮಾವ' ಎಲ್ಲಾದರೂ ಸಿಕ್ಕರೆ ಕತ್ತರಿಸಿ ಅಂಟಿಸಬಹುದು. ಕಾರ್ಯಕ್ರಮದ ರೆಕಾರ್ಡಿಂಗುಗಳಲ್ಲಿ ಹಿಂದೆ ಡೋಲಕ್ಕು, ಶಿಳ್ಳೆ. "ಬರೇ ಆಕಿ ದನಿ ಇರೋದು ನಿಮ್ಮ ಹತ್ರ ಏನೂ ಇಲ್ಲೇನ್ರಿ?" ಅಂತ ಕೇಳಿದ.

ನಾನು ನಾಚಿಕೆ ಬಿಟ್ಟು ಫೋನ್ ತೆಗೆದೆ. ಮದುವೆಯಾದ ಲಾಗಾಯ್ತಿನಿಂದ ಅವಳು ಕಳಿಸಿದ ವಾಯ್ಸ್ ಮೆಸೇಜುಗಳೆಲ್ಲ ಇದ್ದವು. ಒಂದನ್ನೂ ಅಳಿಸಿರಲಿಲ್ಲ.

ಇಬ್ಬರೂ ತಲೆಗೊಂದು ಇಯರ್‌ಫೋನಿನ ತುದಿ ಹಾಕಿಕೊಂಡು ನನ್ನ ಸಂಸಾರವನ್ನು ಮೊದಲಿನಿಂದ ಕೇಳತೊಡಗಿದೆವು.

ಮೊದಲನೇ ವರ್ಷ: "ಮಾವಾ... ಎಲ್ಲಿದೀಯಾ? ಉಂಡ್ಯಾ?" ಆ ಮಾವಾ ಅವನ ಪರದೆಯ ಮೇಲೆ ಒಂದು ಚೌಕ ದಾಟಿ ಇನ್ನೊಂದು ಚೌಕಕ್ಕೆ ಹೋಗುವಷ್ಟು ಉದ್ದ. "ಇದು ಪಲ್ಲವಿಗೆ ಬರ್ತೈತ್ರಿ" ಅಂತ ಕ್ಯಾಮೆರಾದವನು ಕತ್ತರಿಸಿದ.

ಮೂರನೇ ವರ್ಷ: "ಮಾವ, ಬರೋವಾಗ ತೊಗರಿಬೇಳೆ ತಗಂಬಾ." ಇದು ಚರಣಕ್ಕೆ. "ಮಾವ, ಗ್ಯಾಸ್ ಆಗೋಯ್ತು." ಇದೂ ಚರಣಕ್ಕೆ. ನಮ್ಮವ್ವ ಆಸ್ಪತ್ರೆಯಲ್ಲಿದ್ದಾಗಿನದು, "ಮಾವ, ಅತ್ತೆ ಗಂಜಿ ಕುಡುದ್ರು, ನೀನು ಹೆದರ್ಕಬೇಡ." ಇದನ್ನು ಅವನು ಎರಡು ಸಲ ಕೇಳಿ, ಮುಕ್ತಾಯದ ಸಾಲಿಗೆ ಇಟ್ಟುಕೊಂಡ.

ಐದನೇ ವರ್ಷಕ್ಕೆ ಮಾವ ಚಿಕ್ಕದಾಗಿತ್ತು, ಬಾಯಿಗೆ ಬಂತೋ ಇಲ್ಲವೋ ಅನ್ನುವಷ್ಟು. ಆರನೇ ವರ್ಷದ್ದು ಹಾಕಿದ. "ಬೇಳೆ" ಅಂತ ಬಂತು. ಅಷ್ಟೇ.

"ಮುಂದ ಮಾವ ಇಲ್ಲೇನ್ರಿ?" ಅಂದ.

"ಇಲ್ಲ."

ನಾನು ಕಾಮೆಂಟು ಎಣಿಸುತ್ತ ಕೂತಿದ್ದ ವರ್ಷ ಅದು. ಮನೆಯಲ್ಲಿ ಕರೆಯುವ ಮಾತೊಂದು ಸದ್ದಿಲ್ಲದೆ ನಿಂತುಹೋಗಿದ್ದು ನನಗೆ ಗೊತ್ತೇ ಆಗಿರಲಿಲ್ಲ. ನನಗೆ ಆಗ ಸಂಕಟವಾಯಿತು, ಅದರ ಹಿಂದೆಯೇ ಹೊಟ್ಟೆಕಿಚ್ಚೂ ಆಯಿತು. ಆ ಮೊದಲನೇ ವರ್ಷದ ಗಂಡನ ಮೇಲೆ. ಅಷ್ಟು ಉದ್ದಕ್ಕೆ ಕರೆಸಿಕೊಂಡವನು ನಾನೇ ಅಂತ ಗೊತ್ತಿದ್ದರೂ ಆಯಿತು.

ಹದಿನಾರು ಮಾವ ಚೊಕ್ಕವಾಗಿ ಸಿಕ್ಕವು. ಹದಿನೇಳನೆಯದರ ಹಿಂದೆ ಕುಕ್ಕರ್ ಕೂಗಿತ್ತು. ಅವನು ಏನೇನೋ ಮಾಡಿದ, ಸೀಟಿ ಬಿಟ್ಟುಹೋಗಲಿಲ್ಲ. ಕೊನೆಗೆ ಅದನ್ನು ಕೊಳಲು ಅಂತ ಇಟ್ಟುಕೊಂಡೆವು.

ಕೋಟೆಯ ಮೇಲೆ

ಅಷ್ಟೆಲ್ಲ ಆದ ಮೇಲೆ ಅವನು ಇನ್ನೊಂದು ಮಾತು ಹೇಳಿದ. "ಮಾಸ್ಟ್ರೇ, ಬ್ಯಾಸರ ಮಾಡ್ಕೋಬ್ಯಾಡ್ರಿ. ಆಕಿ ನಿಮ್ಮ ಪಕ್ಕ ನಿಲ್ಲಂಗಿಲ್ಲ. ಡ್ರೋನಿನಾಗ ನಿಮ್ಮ ಹೊಟ್ಟಿ ಬ್ಯಾರೆ ಮೊದ್ಲು ಕಾಣತೈತಿ. ಹಾಡು ನಿಮ್ಮದ, ಮುಖ ಮಾತ್ರ ಬ್ಯಾರೆದು."

ಆ ಬೇರೆ ಮುಖ ಮಡಕಶಿರಾದಲ್ಲಿ ಮೊಬೈಲ್ ಅಂಗಡಿ ಇಟ್ಟವನದು. ಎತ್ತರ, ತೆಳ್ಳಗೆ, ಗಡ್ಡವನ್ನು ಅಳತೆ ಹಾಕಿ ಬಿಟ್ಟಿದ್ದ. ನಾನೂ ಬರುತ್ತೇನೆ ಅಂದೆ. ಏನು ಕೆಲಸ ನಿಮಗೆ ಅಲ್ಲಿ ಅಂದ. ಹಾಡು ಹಾಕುವುದಕ್ಕೆ ಒಬ್ಬರು ಬೇಕಲ್ಲ, ಸ್ಪೀಕರ್ ಹಿಡಿಯುತ್ತೇನೆ ಅಂದೆ.

ರತ್ನಗಿರಿ ಕೋಟೆಗೆ ಮೂರು ಬಸ್ಸು ಬದಲಿಸಿ ಹೋದೆ. ಹೀರೋ ನನ್ನ ಮುಂದೆ ಬಂದು ನಿಂತ. ಅವನು ತೊಟ್ಟಿದ್ದ ಪ್ಯಾಂಟು ನೋಡಿದೆ. ತೊಡೆಯ ಹತ್ತಿರದ ಓರೆ, ಜೇಬಿನ ತಿರುವು, ಅನುಮಾನವೇ ಇಲ್ಲ, ನಾನೇ ಕತ್ತರಿಸಿದ ಮಾಲು. ಪ್ಯಾಂಟು ನಂದು, ಗಂಟಲು ನಂದು, ಎದುರಿಗೆ ನಿಂತವಳು ನನ್ನ ಹೆಂಡತಿ. ಅವನದು ಅಂತ ಅಲ್ಲಿ ಇದ್ದದ್ದು ಗಡ್ಡ ಒಂದೇ.

ಅವಳು ಹಸಿರು ಸೀರೆ ಉಟ್ಟು ಬಂಡೆಯ ಮೇಲೆ ನಿಂತಿದ್ದಳು. ನನ್ನ ಕಡೆ ನೋಡಲಿಲ್ಲ. ಏನಾದರೂ ಬೇಕಾದರೆ ಕ್ಯಾಮೆರಾದವನಿಗೆ ಹೇಳುತ್ತಿದ್ದಳು: "ಅವ್ರಿಗೆ ಸೌಂಡ್ ಜಾಸ್ತಿ ಮಾಡಕ್ಕೇಳಿ. ಕಮ್ಮಿ ಮಾಡೋದು ಅವ್ರಿಗೆ ಚೆನ್ನಾಗಿ ಬತ್ತದೆ."

ಮೊದಲು ಗಂಡಿನ ಸಾಲುಗಳನ್ನು ತೆಗೆಯುವುದು ಅಂತಾಯಿತು. ನಾನು ಹಾಡು ಹಾಕಿದೆ. ಹೀರೋ ನನ್ನ ದನಿಯಲ್ಲಿ ಬಾಯಿ ಆಡಿಸುತ್ತ ಅವಳ ಹತ್ತಿರ ಬಂದ, ಭುಜದ ಕಡೆ ಕೈ ಎತ್ತಿದ. ಹಾಡು ನಿಂತುಹೋಯಿತು.

"ಏನಾತ್ರಿ?" ಅಂದ ಕ್ಯಾಮೆರಾದವನು.

"ಏನೋ, ತಾನಾಗೇ ನಿಂತೈತಿ."

ಮತ್ತೆ ಹಾಕಿದೆ. ಮತ್ತೆ ಕೈ ಎತ್ತಿದ. ಮತ್ತೆ ನಿಂತಿತು. ಹೀಗೆ ಐದು ಸಲ. "ಚಾರ್ಜು ಕಡಿಮಿ ಇರಬೇಕು" ಅಂದೆ. ಹೀರೋ ಬಹಳ ಒಳ್ಳೆಯವನು, ಮೊಬೈಲ್ ಅಂಗಡಿಯವನಲ್ಲವೇ, ಚೀಲದಿಂದ ಪವರ್ ಬ್ಯಾಂಕು ತೆಗೆದು ತಂದುಕೊಟ್ಟ. "ಇದ್ರಾಗೆ ಎರಡು ದಿನ ಬತ್ತದೆ ಅಣ್ಣ" ಅಂದ. ಅವನ ಮೇಲೆ ಸಿಟ್ಟು ಇನ್ನೂ ಹೆಚ್ಚಾಯಿತು.

ಆರನೇ ಸಲ ಹಾಡು ನಾನು ನಿಲ್ಲಿಸದೆಯೇ ನಿಂತಿತು. ಯಾರೋ ನನಗೆ ಫೋನ್ ಮಾಡಿದ್ದರು. ಸ್ಪೀಕರಿನಲ್ಲಿ ನನ್ನ ರಿಂಗ್‌ಟೋನ್ ಮೊಳಗಿತು. ಅದು ಅವಳು ಮದುವೆಯಾದ ಹೊಸತರಲ್ಲಿ ಒಬ್ಬಳೇ ಹಾಡಿದ್ದ ಬೀಸುವ ಪದ.

ಅವಳು ಬಂಡೆಯ ಮೇಲಿಂದ ಇತ್ತ ತಿರುಗಿದಳು. "ಇನ್ನೂ ಅದೇ ಇಕ್ಕಂಡವ್ರಾ ಕೇಳಿ" ಅಂತ ಕ್ಯಾಮೆರಾದವನಿಗೆ ಹೇಳಿದಳು. ದನಿ ಒಂಚೂರು ಮೆತ್ತಗಾಗಿತ್ತು ಅಂತ ನನಗೆ ಅನ್ನಿಸಿತು. ಗಾಬರಿಯಲ್ಲಿ ಫೋನ್ ಎತ್ತಿದೆ. ಸ್ಪೀಕರ್ ತೆಗೆಯುವುದು ಮರೆತೆ. ನಮ್ಮತ್ತೆಯ ದನಿ ಕೋಟೆಯ ಏಳು ಸುತ್ತಿಗೂ ಕೇಳಿಸಿತು:

"ಅಳಿಮಯ್ಯ, ಆ ಹುಡುಗ ಎಷ್ಟು ದೂರದಾಗೆ ನಿಂತವ್ನೆ?"

ಹೀರೋ ತಾನಾಗಿಯೇ ಎರಡು ಹೆಜ್ಜೆ ಹಿಂದೆ ಸರಿದ.

ಆಮೇಲೆ ಅವಳ ಸಾಲುಗಳು. ನಾವು ಅಂಟಿಸಿದ ವಿಷಯ ಅವಳಿಗೆ ಯಾರೂ ಹೇಳಿರಲಿಲ್ಲ. ಕ್ಯಾಮೆರಾದವನು ನನಗೆ ಕಣ್ಣುಸನ್ನೆ ಮಾಡಿದ, ನಾನು ದೇವರ ಮೇಲೆ ಭಾರ ಹಾಕಿ ಒತ್ತಿದೆ. 'ಕೂಗಿ ಕರೆದೆ, ಕೇಳಲಿಲ್ಲವೇನೋ' ಅಂತ ಬಂತು, ಅದರ ಹಿಂದೆ ಆ ಮೊದಲನೇ ವರ್ಷದ 'ಮಾವಾ' ಬಂತು. ಅವಳ ಬಾಯಿ ಅರ್ಧಕ್ಕೆ ನಿಂತಿತು.

"ನಿಲ್ಸು" ಅಂದಳು. ಕ್ಯಾಮೆರಾದವನಿಗಲ್ಲ, ನನಗೆ. ಎರಡು ತಿಂಗಳಲ್ಲಿ ನನಗೆ ನೇರವಾಗಿ ಹೇಳಿದ ಮೊದಲ ಮಾತು. "ಮುಂದಿಂದು ಹಾಕು."

ಹಾಕಿದೆ.

"ಇದು ಬೇಳೆ ತರಕ್ಕೆ ಹೇಳಿದ್ದು."

"ಹೌದು."

"ಇನ್ನೊಂದು."

"ಇದು ಗ್ಯಾಸ್ ಮುಗದಾಗಿಂದು."

"ಗೊತ್ತು. ಇನ್ನೊಂದು."

ಅವಳು ಬಂಡೆಯ ಮೇಲೆ ಕೂತುಬಿಟ್ಟಳು. ಒಂದೊಂದನ್ನೂ ಕೇಳಿ ಗುರುತು ಹಿಡಿದಳು. ಇದು ಕರೆಂಟು ಹೋಗಿದ್ದಾಗ, ಇದು ನಿಂಗೆ ಜ್ವರ ಬಂದಿದ್ದಾಗ, ಇದು ನಿಮ್ಮವ್ವ ಆಸ್ಪತ್ರೆಯಾಗೆ ಇದ್ದಾಗ. ಹೀರೋ ಪಾಪ ಎತ್ತಿದ ಕೈ ಇಳಿಸಬೇಕೋ ಬೇಡವೋ ತಿಳಿಯದೆ ಬಿಸಿಲಲ್ಲಿ ಹಾಗೇ ನಿಂತಿದ್ದ. ಕುಕ್ಕರ್ ಸೀಟಿ ಬಂದಾಗ ಅವಳಿಗೆ ನಗು ಬಂತು, ತಡೆದುಕೊಂಡಳು.

"ಮೈಕ್ ಇಳಿಸಿದೋನು ಇವನ್ನೆಲ್ಲ ಯಾಕೆ ಇಕ್ಕಂಡೆ?"

"ಊರಿಗೆಲ್ಲ ನಿನ್ನ ದನಿ ಸಿಗತೈತಿ" ಅಂದೆ. "ಇವು ನನಗ ಒಬ್ಬಂವಗ ಬಂದಿದ್ವು."

"ಹಂಗಿದ್ರೆ ಇವನ್ನೂ ಊರಿಗೆಲ್ಲ ಯಾಕೆ ಹಂಚಕ್ಕೆ ಹೊಂಟೆ?"

ನಾನು ಸ್ಪೀಕರನ್ನು ಎದೆಗೊತ್ತಿಕೊಂಡು ನಿಂತೆ.

ಅವಳು ಎದ್ದು ಸೆರಗು ಕೊಡವಿ ಕ್ಯಾಮೆರಾದವನ ಕಡೆ ತಿರುಗಿದಳು. "ಇವೆಲ್ಲ ಮನೇವು. ಆಚೆ ಬುಡಬ್ಯಾಡಿ, ತೆಗ್ದಾಕಿ. ಬೇರೆ ಹಾಡ್ತೀನಿ. ಮೈಕ್ ಕೊಡಿ ಇಲ್ಲಿ." ಹೀರೋನ ಕಡೆ ನೋಡಿದಳು. "ಈ ಅಣ್ಣನ್ನ ನೋಡ್ಕಂಡು ಮಾವ ಅನ್ನಕ್ಕೆ ಬಾಯಿ ಬರಲ್ಲ. ಆ ಸ್ಪೀಕರ್ ಹಿಡ್ಕಂಡೋನು ಅಲ್ಲೇ ಎದುರಿಗೆ ನಿಂತ್ಕಳ್ಳಿ."

ಹದಿನೇಳೂ ಹಾಡಿದಳು. ನಾನು ಬೆರಳು ಮಡಚಿ ಎಣಿಸುತ್ತಿದ್ದೆ. ಹದಿನೇಳು ಮುಗಿದು, ಕ್ಯಾಮೆರಾದವನು ಕಟ್ ಅಂದು, ಮೈಕು ಅವಳ ಕೈಯಿಂದ ಹೋದ ಮೇಲೆ ಹದಿನೆಂಟನೆಯದು ಬಂತು.

"ಮಾವ, ಬಿಸ್ಲು. ನೆಳ್ಳಿಗೆ ಬಾ."

ಹೀರೋ ನನಗಿಂತ ಮೊದಲು ಹೋಗಿ ನೆರಳಲ್ಲಿ ಕೂತ.

ದಾಸವಾಳ

ಅವಳು ನನ್ನ ಜೊತೆ ರಾಯದುರ್ಗಕ್ಕೆ ಬಂದಳು. ಸಿರಾದ ಕೀಬೋರ್ಡಿನವರಿಗೆ ಫೋನ್ ಮಾಡಿ ಬರುವುದಿಲ್ಲ ಅಂದಳು. ಈಗ ಎಲ್ಲಿ ಕಾರ್ಯಕ್ರಮ ಇದ್ದರೂ ಮೊದಲು ಮಿಕ್ಸರ್‌ನವನ ಹತ್ತಿರ ಹೋಗಿ ಎರಡೂ ಗುಂಡಿಗಳನ್ನು ತಾನೇ ನೋಡಿ ಬರುತ್ತಾಳೆ.

ಹಾಡು ಬಿಡುಗಡೆಯಾಯಿತು. ಕಾಮೆಂಟು ಓದುವುದಿಲ್ಲ ಅಂತ ಅವಳಿಗೆ ಆಣೆ ಮಾಡಿದ್ದೆ. ಮೊದಲನೇ ದಿನವೇ ಓದಿದೆ.

'ಹೀರೋ ಧ್ವನಿ ಬೆಂಕಿ' ಅಂತ ಮೊದಲನೆಯದು. ನನ್ನ ಗಂಟಲಿಗೆ ಅವನ ಹೆಸರು. ಸಂಕಟ ನುಂಗಿಕೊಂಡು ಕೆಳಗೆ ಹೋದೆ. 'ಅಕ್ಕ ಹೀರೋನ್ನ ಬಿಟ್ಟು ಯಾವಾಗಲೂ ಆ ಕಡೆ ಯಾರನ್ನ ನೋಡ್ತಾರೆ?' ಅಂತ ಒಬ್ಬರು ಕೇಳಿದ್ದರು. ಅದಕ್ಕೆ ಇನ್ನೊಬ್ಬರು, ಎರಡನೇ ನಿಮಿಷದಲ್ಲಿ ಡ್ರೋನು ಮೇಲೆ ಹೋಗುವಾಗ ನಿಲ್ಲಿಸಿ ನೋಡಿ, ಬಂಡೆಯ ಪಕ್ಕ ಒಬ್ಬ ಅಂಕಲ್ ಸ್ಪೀಕರ್ ತಬ್ಬಿಕೊಂಡು ಅಳುತ್ತಿದ್ದಾರೆ ಅಂತ ಬರೆದಿದ್ದರು. ನಾನು ಅಳುತ್ತಿರಲಿಲ್ಲ. ಬಿಸಿಲು.

ನನಗೆ ಒಂದು ಆಸೆ ಹುಟ್ಟಿತು. ಇಷ್ಟು ವರ್ಷ ಉರಿದುಕೊಂಡವನು ನಾನೊಬ್ಬನೇ. ಅವಳೂ ಒಂದು ದಿನ ಉರಿದುಕೊಂಡರೆ ನೋಡಲು ಹೇಗಿರುತ್ತದೆ? ಒಂದು ಹೆಂಗಸಿನ ಹೆಸರಿನಲ್ಲಿ ಹೊಸ ಖಾತೆ ತೆರೆದೆ. ಫೋಟೋಕ್ಕೆ ಯಾವುದೋ ಕೆಂಪು ದಾಸವಾಳ ಫೋನಿನಲ್ಲೇ ಇತ್ತು, ಹಾಕಿದೆ. ಬರೆದೆ: 'ಸ್ಪೀಕರ್ ಹಿಡಿದವರು ಎಷ್ಟು ಲಕ್ಷಣವಾಗಿದ್ದಾರೆ. ಅವರೇ ಹೀರೋ ಆಗಬೇಕಿತ್ತು.' ಮುಂದೆ ಎರಡು ಕೆಂಪು ಹೃದಯ.

ಸಂಜೆ ಮನೆಗೆ ಬಂದಾಗ ಅವಳು ಫೋನ್ ಹಿಡಿದು ನಡುಮನೆಯಲ್ಲಿ ನಿಂತಿದ್ದಳು. "ಯಾವಳಿವಳು?" ಅಂದಳು.

"ಯಾರು?"

"ಈ ದಾಸವಾಳದೋಳು. ನಿಂಗೆ ಗೊತ್ತಿರೋಳಾ?"

"ನನಗ ಯಾರು ಗೊತ್ತದಾರ? ಯಾರೋ ಅಭಿಮಾನಿ ಇರಬೇಕು."

ಅವಳು ಅದರ ಕೆಳಗೆ ಬರೆದಳು: 'ಅವ್ರಿಗೆ ಮದುವೆ ಆಗಿದೆ.' ನಾನು ಬಚ್ಚಲಿಗೆ ಹೋಗಿ ದಾಸವಾಳದಿಂದ ಉತ್ತರ ಕೊಟ್ಟೆ: 'ಒಳ್ಳೆಯವರಿಗೆಲ್ಲ ಬೇಗ ಆಗಿಬಿಡುತ್ತೆ.' ಹೊರಗೆ ಪಾತ್ರೆಗಳು ಜೋರಾಗಿ ಸದ್ದು ಮಾಡಿದವು. ಎರಡು ದಿನ ನಮ್ಮ ಮನೆಯಲ್ಲಿ ನನ್ನ ಬೆಲೆ ಏನಿತ್ತು ಅಂತ ಹೇಳಲಾರೆ. ತಟ್ಟೆಗೆ ಕೇಳದೆ ತುಪ್ಪ ಬಿತ್ತು. ಯೂನಿಟ್ಟಿಗೆ ಹೊರಟರೆ ಯಾವ ಅಂಗಿ ತೊಟ್ಟಿದ್ದೇನೆ ಅಂತ ನೋಡುತ್ತಿದ್ದಳು. ನಾನು ಕನ್ನಡಿಯ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲತೊಡಗಿದೆ.

ಮೂರನೇ ದಿನ ನಾನು ಮುಂಬಾಗಿಲಲ್ಲಿ ಕೂತು ದಾಸವಾಳದ ಮುಂದಿನ ಮಾತು ಯೋಚಿಸುತ್ತಿದ್ದೆ. ಅವಳು ಒಳಗೆ ಒಗ್ಗರಣೆ ಹಾಕುತ್ತಿದ್ದಳು. ಇಬ್ಬರ ಫೋನಿಗೂ ಒಟ್ಟಿಗೆ ಸದ್ದು ಬಂತು. ದಾಸವಾಳಕ್ಕೆ ಹೊಸ ಉತ್ತರ. ಬರೆದವರು ಕೋಗಿಲೆ ಅಭಿಮಾನಿ.

'ಅಳಿಮಯ್ಯ, ಅದು ನಮ್ಮ ಮನೆ ಮುಂದಿನ ಗಿಡ. ಪಕ್ಕದಲ್ಲಿ ಕಾಣುವುದು ನಮ್ಮ ನೀಲಿ ಬಕೀಟು. ಸಾಕು ಬಿಡಿ.'

ಒಳಗೆ ಸೌಟು ನಿಂತಿತು.

"ಮಾವಾ..." ಅಂತ ಬಂತು ಅಡುಗೆಮನೆಯಿಂದ. ಅಷ್ಟು ಉದ್ದದ್ದು ನಾನು ಮೊದಲನೇ ವರ್ಷದಿಂದ ಈಚೆಗೆ ಕೇಳಿರಲಿಲ್ಲ. ರೆಕಾರ್ಡು ಮಾಡಿಕೊಳ್ಳಬೇಕು ಅಂತ ಆಸೆಯಾಯಿತು, ಆದರೆ ಅವಳು ಸೌಟು ಹಿಡಿದೇ ಬರುತ್ತಿದ್ದಳು.